ಕೋಟು ಹಾಕಿಕೊಂಡು ಚೇರು ಕಡಿದದ್ದು

ನನಗೊಂದು ಅಭ್ಯಾಸವಿದೆ. ದಾರಿ ನಡೆದು ದಣಿವಾದಾಗ ಎಲ್ಲರೂ ಹತ್ತಿರದ ಮರಕ್ಕೆ ಒರಗಿ ನಿಲ್ಲುತ್ತಾರೆ. ನಾನು ಮಾತ್ರ ಒರಗುವ ಮೊದಲು ಮರದ ಹೆಸರು ವಿಚಾರಿಸುತ್ತೇನೆ. ಜೊತೆಯಲ್ಲಿದ್ದವರು ಹೇಳಿದ ಹೆಸರಿನಲ್ಲೂ ನಂಬಿಕೆ ಬಾರದೆ ಇನ್ನೊಬ್ಬರನ್ನು ಕೇಳುತ್ತೇನೆ. ಇಬ್ಬರೂ ಒಂದೇ ಹೆಸರು ಹೇಳಿದರೆ ಆಮೇಲೆ ಬೆನ್ನು ತಾಗಿಸುವುದು. "ಹೆಣ್ಣು ಕೊಡುವಾಗ್ಲೂ ಇಷ್ಟು ವಿಚಾರ್ಸೋದಿಲ್ಲ ಮಾರಾಯ್ರೆ" ಎಂದು ನಮ್ಮ ತೋಟದ ಮೇಸ್ತ್ರಿ ತಿಮ್ಮೇಗೌಡರು ನಗುತ್ತಾರೆ. ನಗಲಿ ಬಿಡಿ. ಅವರು ಈ ಬೆಟ್ಟದಲ್ಲೇ ಹುಟ್ಟಿದವರು. ನಾನು ಹುಟ್ಟಿದ್ದು ಮೈಸೂರಿನ ಅಗ್ರಹಾರದಲ್ಲಿ. ಅಲ್ಲಿ ಮರವೆಂದರೆ ರಸ್ತೆಯ ಬದಿಗೆ ಸಾಲಾಗಿ ನಿಂತು ಬಂದವರಿಗೆಲ್ಲ ನೆರಳು ಕೊಡುವ ಸಾಧು ಪ್ರಾಣಿ. ಮರವೂ ಮುನಿಸಿಕೊಳ್ಳುತ್ತದೆ ಎಂಬ ಸಂಗತಿ ಇಂಟರ್‌ಮೀಡಿಯೆಟ್ಟಿನವರೆಗೆ ಓದಿದರೂ ಯಾರೂ ನನಗೆ ಕಲಿಸಿರಲಿಲ್ಲ.

ನೀವು ಮಲೆನಾಡಿನವರಲ್ಲದಿದ್ದರೆ ಚೇರು ಮರದ ಪರಿಚಯ ನಿಮಗೆ ಇರಲಾರದು. ಇಲ್ಲದಿದ್ದರೆ ಅದು ನಿಮ್ಮ ಪುಣ್ಯ. ನೋಡಲು ಬಹಳ ಸಂಭಾವಿತ ಮರ. ನೆಟ್ಟಗಿನ ಕಾಂಡ, ದಪ್ಪನೆಯ ಉದ್ದ ಎಲೆ, ದೂರದಿಂದ ನೋಡಿದರೆ ಮಾವಿನ ನೆಂಟ ಇರಬೇಕು ಅನ್ನಿಸುತ್ತದೆ. ನಿಜಕ್ಕೂ ನೆಂಟನೇ. ತೋಟದ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿದ್ದ ಒಂದು ದಪ್ಪ ಸಸ್ಯಶಾಸ್ತ್ರದ ಪುಸ್ತಕವನ್ನು ನಾನು ಆಮೇಲೆ, ಅಂದರೆ ಎಲ್ಲ ಅನುಭವಿಸಿದ ಆಮೇಲೆ, ತೆರೆದು ನೋಡಿದೆ. ಮಾವು, ಗೇರು, ಚೇರು ಎಲ್ಲ ಒಂದೇ ವಂಶವಂತೆ. ಮಾವಿನಕಾಯಿಯ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ ಈ ವಂಶದ ಸಿಟ್ಟು ಸ್ವಲ್ಪಮಟ್ಟಿಗೆ ಗೊತ್ತಿರುತ್ತದೆ. ಮೈಸೂರಿನಲ್ಲಿ ನಮ್ಮ ಮನೆಯ ಬಟ್ಟೆ ಒಗೆಯುತ್ತಿದ್ದ ಮಡಿವಾಳರು ಪಂಚೆಯ ಅಂಚಿನಲ್ಲಿ ಅಳಿಸಲಾರದ ಕಪ್ಪು ಗುರುತು ಹಾಕುತ್ತಿದ್ದರಲ್ಲ, ಅದೂ ಈ ವಂಶದ್ದೇ ಒಂದು ಕಾಯಿಯ ರಸ. ಇಪ್ಪತ್ತೈದು ವರ್ಷ ಆ ವಂಶದ ಮೊಹರನ್ನು ಸೊಂಟಕ್ಕೆ ಸುತ್ತಿಕೊಂಡು ಓಡಾಡಿದ ನನಗೆ ಅದರ ಹಿರಿಯಣ್ಣನನ್ನು ಎದುರು ಕಂಡಾಗ ಗುರುತು ಸಿಗಲಿಲ್ಲ ನೋಡಿ.

ಮೂರು ವರ್ಷದ ಹಿಂದಿನ ಮಾತು. ಯುದ್ಧ ನಡೆಯುತ್ತಿತ್ತು, ಪೆಟ್ರೋಲು ಸಿಗದೆ ಇದ್ದಲಿನಿಂದ ಓಡುವ ಬಸ್ಸುಗಳು ಏದುಸಿರು ಬಿಡುತ್ತ ಘಾಟಿ ಹತ್ತುತ್ತಿದ್ದವು. ನಾನು ಬಾಳೂರಿನ ಹತ್ತಿರದ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರಾಗಿ ಸೇರಿ ಎರಡು ವರ್ಷವಾಗಿತ್ತು. ಹೆಂಡತಿ ಶಾರದೆ ಬಾಣಂತನಕ್ಕೆಂದು ತವರಿಗೆ ಹೋದವಳು ಹೆಣ್ಣುಮಗುವಿನ ತಾಯಿಯಾಗಿದ್ದಳು. ನಾಮಕರಣಕ್ಕೆ ಹೋದಾಗ ನಾನು ಮಗಳನ್ನು ನೋಡಿದ್ದೆ, ಎತ್ತಿಕೊಂಡಿರಲಿಲ್ಲ. ಅಜ್ಜಿಯಿಂದ ಅತ್ತೆಗೆ, ಅತ್ತೆಯಿಂದ ಚಿಕ್ಕಮ್ಮನಿಗೆ ಮಗು ಕೈ ದಾಟುತ್ತಿದ್ದಾಗ ತಂದೆಯಾದವನು ನಡುವೆ ಕೈ ಚಾಚುವುದು ನಮ್ಮ ಮನೆಗಳಲ್ಲಿ ಸಲ್ಲದ ಸಂಗತಿ. ರಜೆ ಮುಗಿಯಿತು, ಬಂದುಬಿಟ್ಟೆ. ಈಗ ಕೊಯಿಲು ಮುಗಿದ ಮೇಲೆ, ಐದು ತಿಂಗಳ ಮಗುವನ್ನೂ ತಾಯಿಯನ್ನೂ ಮಾವನವರೇ ಕರೆತರುತ್ತಾರೆಂದು ಕಾಗದ ಬಂದಿತ್ತು. ಇನ್ನು ಹದಿನಾರು ದಿನ. ನಾನು ಮನೆಗೆ ಸುಣ್ಣ ಹೊಡೆಸಿದೆ, ತೊಟ್ಟಿಲಿಗೆ ಕೊಕ್ಕೆ ಹಾಕಿಸಿದೆ. ಮಗುವಿನ ಬಟ್ಟೆ ಒಣಗಲು ಹಿತ್ತಲಲ್ಲಿ ಬಚ್ಚಲುಮನೆಯ ಮೂಲೆಯಿಂದ ಹಲಸಿನ ಮರಕ್ಕೆ ಹೊಸ ಹಗ್ಗ ಕಟ್ಟಿ, ಕೈಯಿಂದ ಮೀಟಿ, ವೀಣೆಯ ತಂತಿ ಬಿಗಿಮಾಡಿದವನ ಹಾಗೆ ಹೆಮ್ಮೆಪಟ್ಟೆ.

ತಿಮ್ಮೇಗೌಡರು ಬಂದವರು ಹಗ್ಗ ನೋಡಲಿಲ್ಲ, ಹಗ್ಗದ ಮೇಲೆ ನೋಡಿದರು.

"ರೈಟ್ರೇ, ಕೂಸಿನ ಬಟ್ಟೆ ಇಲ್ಲೇ ಹಾಕ್ತೀರಾ? ಮೇಲೆ ಎಂತ ಉಂಟು ಅಂತ ನೋಡಿದ್ರಾ?"

ಮೇಲೆ ಒಂದು ಕೊಂಬೆ ಇತ್ತು. ಚೆಂದದ ನೆರಳಿನ ಕೊಂಬೆ. ಅದು ಚೇರು ಎಂದೂ, ಅದರ ಎಲೆಯಿಂದ ತೊಟ್ಟಿಕ್ಕಿದ ನೀರು ಬಿದ್ದರೂ ಕೆಲವರಿಗೆ ಮೈ ಸುಟ್ಟ ಹಾಗೆ ಗುಳ್ಳೆ ಏಳುತ್ತದೆಂದೂ, ಎಳೆ ಮಗುವಿನ ಬಟ್ಟೆಗೆ ಸೊನೆ ಬಿದ್ದರೆ ದೇವರೇ ಗತಿಯೆಂದೂ ಅವರು ಹೇಳಿದರು. "ನೀವು ಮಾತ್ರ ಕೈ ಹಾಕ್ಬೇಡಿ. ಹಸನಬ್ಬ ಸಾಬ್ರಿಗೆ ಹೇಳಿ ಕಳಿಸ್ತೀನಿ. ಅವ್ರಿಗೆ ಚೇರು ತಾಗೋದೇ ಇಲ್ಲ" ಎಂದರು.

ಹಸನಬ್ಬ ಸಾಬರು ಆ ಸುತ್ತಿನಲ್ಲೆಲ್ಲ ಹೆಸರಾದ ಮರ ಕೊಯ್ಯುವ ಗರಗಸದವರು. ಆಗ ಕಳಸದ ಆಚೆ ಕಾಡಿನಲ್ಲಿ ಮರ ಕಡಿಯುವ ಕೂಪಿನಲ್ಲಿದ್ದರು. ಬರಲು ನಾಲ್ಕೈದು ದಿನ ಬೇಕಾಗಿತ್ತು. ನನಗೆ ತಡೆಯಲಿಲ್ಲ. ಮಗಳ ಬಟ್ಟೆಯ ಮೇಲೆ ವಿಷ ತೂಗಾಡುತ್ತಿದೆ, ತಂದೆ ಗರಗಸದವರ ದಾರಿ ಕಾಯುತ್ತ ಕೂತಿದ್ದಾನೆ! ಭಾನುವಾರ ಎಲ್ಲರೂ ಸಂತೆಗೆ ಹೋಗಿದ್ದರು. ಬೇಡ ಎನ್ನುವವರು ಯಾರೂ ಇಲ್ಲದ್ದನ್ನು ನೋಡಿ ನಾನು ಕತ್ತಿ ತೆಗೆದುಕೊಂಡೆ.

ಇನ್ನು ನನ್ನ ಬುದ್ಧಿವಂತಿಕೆಯನ್ನು ಕೇಳಿ. ವಿಷ ಚರ್ಮಕ್ಕೆ ತಾಗಬಾರದು ತಾನೆ? ಹಾಗಾದರೆ ಚರ್ಮ ಮುಚ್ಚಬೇಕು. ನನ್ನ ಹತ್ತಿರ ತುಂಬುತೋಳಿನ ದಪ್ಪ ಬಟ್ಟೆ ಒಂದೇ ಇದ್ದದ್ದು, ಮದುವೆಯಲ್ಲಿ ಮಾವನವರು ಹೊಲಿಸಿಕೊಟ್ಟ ಕಪ್ಪು ಉಣ್ಣೆಯ ಕೋಟು. ಬನಿಯನ್ನಿನ ಮೇಲೆ ಅದನ್ನು ತೊಟ್ಟು, ಗುಂಡಿಗಳನ್ನೆಲ್ಲ ಹಾಕಿಕೊಂಡು, ತಲೆಗೆ ಟವೆಲು ಸುತ್ತಿ, ಕೋರ್ಟಿಗೆ ಹೊರಟ ವಕೀಲನ ಠೀವಿಯಲ್ಲಿ ಏಣಿ ಹತ್ತಿದೆ. ಕೊಂಬೆ ಬಿತ್ತು. ದಣಿವಾಯಿತು, ಇಳಿದು ಅದೇ ಮರಕ್ಕೆ ಒರಗಿ ಸುಧಾರಿಸಿಕೊಂಡೆ. ಆಮೇಲೆ ಕೊಂಬೆಯನ್ನು ತುಂಡು ಮಾಡಿದೆ. ಇಷ್ಟು ಒಳ್ಳೆಯ ಸೌದೆಯನ್ನು ಬಿಸಾಡುವುದೇ? ಬಚ್ಚಲ ಹಂಡೆಯ ಒಲೆಗೆ ತುರುಕಿ ಉರಿ ಹಾಕಿದೆ. ಹಸಿ ಕಟ್ಟಿಗೆ, ಹೊಗೆ ಬಹಳ. ಬಗ್ಗಿ ಬಗ್ಗಿ ಊದಿದೆ. ಕೋಟು ಬಿಚ್ಚಿ ಕೋಣೆಯ ಗೂಟಕ್ಕೆ ತೂಗುಹಾಕಿ, ಸುಡುಸುಡು ನೀರು ಮೈಮೇಲೆ ಹುಯ್ದುಕೊಂಡು, ಗೆದ್ದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಕಣ್ಣು ತೆರೆಯಲು ಹೋದರೆ ಕಣ್ಣೇ ಇಲ್ಲ. ಇತ್ತು, ರೆಪ್ಪೆಗಳು ಇಡ್ಲಿಯಾಗಿ ಮುಚ್ಚಿಹೋಗಿದ್ದವು. ಕೈಗಳು ಊದಿ, ಕುತ್ತಿಗೆ ಕೆಂಪಾಗಿ, ನವೆಯೆಂದರೆ ಅದೆಂಥ ನವೆ! ಕೆರೆದರೆ ಉರಿ, ಬಿಟ್ಟರೆ ಪ್ರಾಣಸಂಕಟ. ತಿಮ್ಮೇಗೌಡರು ಬಾಗಿಲಲ್ಲಿ ನಿಂತು "ಅಯ್ಯೋ ದೇವ್ರೇ, ಯಾರಿದು?" ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಆಮೇಲಿನ ಎರಡು ದಿನ ತೋಟದವರೆಲ್ಲ ಬಂದು ನೋಡಿ ಒಂದೊಂದು ಸಲಹೆ ಕೊಟ್ಟು ಹೋದರು. ಒಬ್ಬರು ಮಜ್ಜಿಗೆ ಹಚ್ಚಿ ಎಂದರು, ಒಬ್ಬರು ಹುಣಸೆಹಣ್ಣು ಎಂದರು, ಕಾಂಪೌಂಡರು ಗುಲಾಬಿ ಬಣ್ಣದ ನೀರು ಕೊಟ್ಟು ಇದು ಪಿತ್ತ ಎಂದರು. ಯಾರ ಮನಸ್ಸನ್ನೂ ನೋಯಿಸಬಾರದೆಂದು ನಾನು ಎಲ್ಲವನ್ನೂ ಹಚ್ಚಿದೆ. ಊಟದ ಎಲೆಯ ಹಾಗೆ ಮೈಮೇಲೆ ಒಂದೊಂದು ಕಡೆ ಒಂದೊಂದು ಪದಾರ್ಥ. ಹೆದರಿಕೆಯಾದದ್ದು ನವೆಗಲ್ಲ. ಮಗಳು ಬರಲು ಇನ್ನು ಹದಿಮೂರೇ ದಿನವಿತ್ತು. ಈ ಕೈಗಳಲ್ಲಿ ಅವಳನ್ನು ಹೇಗೆ ಎತ್ತಿಕೊಳ್ಳಲಿ? ಐದು ತಿಂಗಳು ಕಾದು, ಕೊನೆಗೆ ನನ್ನ ಕೈಯಿಂದಲೇ ಅವಳಿಗೆ ವಿಷ ತಾಗಿದರೆ? ಹಾಗೆ ಯೋಚಿಸುತ್ತ ಕೂತಾಗ ನನಗೆ ಅಳು ಬಂತು. ಉಪ್ಪುನೀರು ತಾಗಿ ರೆಪ್ಪೆ ಇನ್ನಷ್ಟು ಉರಿಯಿತು.

ಮೂರನೆಯ ದಿನ ಹಸನಬ್ಬ ಸಾಬರು ಬಂದರು. ಅರವತ್ತು ದಾಟಿದ ಒಣಕಲು ಶರೀರ, ತಲೆಗೆ ಬಿಳಿ ಟೋಪಿ, ಬಾಯಲ್ಲಿ ಎಲೆಯಡಿಕೆ. ಇಲ್ಲಿಯವರೆಗೆ ಬಂದವರೆಲ್ಲ ಬಂದ ಕೂಡಲೆ ನನ್ನ ಮುಖ ನೋಡಿ ಮಾತಾಡಲು ಶುರುಮಾಡಿದ್ದರು. ಇವರು ಮೊದಲು ಹಿತ್ತಲಿಗೆ ಹೋದರು. ಮರವನ್ನು ದೂರದಿಂದ ಒಂದು ಸುತ್ತು ನೋಡಿದರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿದರು. ಒಲೆಯಲ್ಲಿ ಅರೆಬೆಂದು ಉಳಿದಿದ್ದ ತುಂಡು ನೋಡಿ "ಯಾ ಅಲ್ಲಾ" ಎಂದು ಕಿವಿ ಮುಟ್ಟಿಕೊಂಡರು. ಆಮೇಲೆ ನನ್ನೆದುರು ಕುಕ್ಕರಗಾಲಿನಲ್ಲಿ ಕೂತು ಕೇಳಿದರು: "ರೈಟ್ರೇ, ಎಂತೆಂತ ಮುಟ್ಟಿದ್ರಿ? ಒಂದೊಂದೇ ಹೇಳಿ. ಅವಸರ ಇಲ್ಲ."

"ನಿಮಗೆ ಚೇರು ತಾಗೋದೇ ಇಲ್ಲವಂತಲ್ಲ ಸಾಬ್ರೇ" ಎಂದೆ, ಸ್ವಲ್ಪ ಹೊಟ್ಟೆಕಿಚ್ಚಿನಿಂದ.

"ಯಾರು ಹೇಳಿದ್ದು? ನನಗೆ ಎಲ್ಲರಿಗಿಂತ ಜಾಸ್ತಿ ತಾಗ್ತದೆ. ಪ್ರಾಯದಲ್ಲಿ ಒಂದು ತಿಂಗಳು ಬಾಳೆಲೆ ಮೇಲೆ ಮಲಗಿದ್ದೆ. ತಾಗದವ್ರೆಲ್ಲ ಧೈರ್ಯದಿಂದ ಕಡೀತಾರೆ. ನನಗೆ ಧೈರ್ಯ ಇಲ್ಲ ಮಾರಾಯ್ರೆ, ಅದಕ್ಕೇ ಇದನ್ನ ಕಲ್ತದ್ದು."

ನಾನು ಬಹಳ ಪಂಡಿತರನ್ನು ನೋಡಿದ್ದೇನೆ. ತಮಗೆ ಹೆದರಿಕೆ ಎಂದು ಮೊದಲ ಮಾತಿನಲ್ಲೇ ಒಪ್ಪಿಕೊಂಡ ಪಂಡಿತರು ಇವರೊಬ್ಬರೇ. ಆ ಗಳಿಗೆಯಿಂದ ನಾನು ಅವರ ಶಿಷ್ಯನಾದೆ.

ಸೊನೆ ಎನ್ನುವುದು ಕಣ್ಣಿಗೆ ಕಾಣದೆ ವಸ್ತುವಿನ ಮೇಲೆ ಕೂತಿರುತ್ತದಂತೆ. ತಿಂಗಳಾದರೂ ಎದ್ದು ಹೋಗುವುದಿಲ್ಲವಂತೆ. "ನಿಮ್ಮ ಗುಳ್ಳೆಯಿಂದ ಇನ್ನೊಬ್ರಿಗೆ ಏನೂ ಆಗೋದಿಲ್ಲ. ಚರ್ಮದ್ದು ತೊಳೆದು ಹೋಯ್ತು. ಆದ್ರೆ ಕತ್ತಿ ಹಿಡಿಗೆ ತಾಗಿದ್ದು ಅಲ್ಲೇ ಉಂಟು. ಮುಟ್ಟಿದವ್ರಿಗೆ ಅದೇ ಪ್ರಸಾದ" ಎಂದರು. ನಾನು ನೆನಪು ಮಾಡಿ ಮಾಡಿ ಹೇಳಿದೆ: ಕತ್ತಿ, ಏಣಿ, ಟವೆಲು, ಪಂಚೆ, ಬನಿಯನ್ನು, ಹಂಡೆಯ ಮುಚ್ಚಳ, ಬಚ್ಚಲ ಬಾಗಿಲ ಚಿಲಕ. ಅವರು ತಮ್ಮ ಕೈಗೆ ಮೊಣಕೈವರೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಒಂದೊಂದು ವಸ್ತುವನ್ನೂ ಕೆಸುವಿನ ಎಲೆಯಲ್ಲಿ ಹಿಡಿದು ತಂದು, ಬೂದಿ ಅಂಟುವಾಳ ಹಾಕಿ ತಣ್ಣೀರಿನಲ್ಲಿ ಮೂರು ಮೂರು ಸಲ ತೊಳೆದರು. ತೊಳೆದ ನೀರು ಮನೆಯ ಕಡೆಗೆ ಹರಿಯದ ಹಾಗೆ ಮೊದಲೇ ಕಾಲಲ್ಲಿ ಮಣ್ಣು ಎಳೆದು ಕಾಲುವೆ ಮಾಡಿದ್ದರು. ಒಲೆಯ ತುಂಡುಗಳನ್ನು ದೂರ ಒಯ್ದು ಗುಂಡಿ ತೆಗೆದು ಹೂತರು. "ಇದನ್ನ ಸುಡೋದು ಅಂದ್ರೆ ವಿಷಕ್ಕೆ ರೆಕ್ಕೆ ಕಟ್ಟಿದ ಹಾಗೆ. ಮೂಗಿನೊಳಗೆ ಗುಳ್ಳೆ ಬಂದಿದ್ರೆ ನಾನು ಬಂದೂ ಪ್ರಯೋಜನ ಇರ್ಲಿಲ್ಲ" ಎಂದರು. ಆ ಕೆಲಸದಲ್ಲಿ ಎಷ್ಟು ಅಚ್ಚುಕಟ್ಟು ಇತ್ತೆಂದರೆ, ನವೆಯನ್ನು ಮರೆತು ನೋಡುತ್ತ ಕೂತಿದ್ದೆ.

ಕೊನೆಗೆ ನನ್ನ ಕೈ ಹಿಡಿಯದೆ, ಬಗ್ಗಿ ನೋಡಿ, "ಮಣಿಕಟ್ಟಿನ ಹತ್ರ ಗೆರೆ ಎಳೆದ ಹಾಗೆ ನಿಂತದೆ. ಮೇಲೆ ತೋಳಿಗೆ ಏನೂ ಇಲ್ಲ. ಅಂಗಿ ಹಾಕಿದ್ರಾ?" ಎಂದು ಕೇಳಿದರು.

ಇಲ್ಲಿ ನಾನು ತಪ್ಪು ಮಾಡಿದೆ. ಮಾವ ಕೊಟ್ಟ ಮದುವೆಯ ಕೋಟು ಹಾಕಿಕೊಂಡು ಮರ ಹತ್ತಿದೆ ಎಂದು ಈ ಮನುಷ್ಯರ ಮುಂದೆ, ಅದೂ ತಿಮ್ಮೇಗೌಡರು ಪಕ್ಕದಲ್ಲಿ ನಿಂತಿರುವಾಗ, ಹೇಗೆ ಹೇಳುವುದು? ಇಡೀ ತೋಟ ವರ್ಷವಿಡೀ ನಗುತ್ತದೆ. "ಹೂಂ, ಅಂಗಿ" ಎಂದೆ. "ಒಗೆದಾಯ್ತಾ?" "ಆಯ್ತು." ಸಾಬರು ಇನ್ನೊಂದು ಕ್ಷಣ ಮಣಿಕಟ್ಟನ್ನೇ ನೋಡಿ ಎದ್ದರು. ಮಾನ ಉಳಿಯಿತೆಂದುಕೊಂಡೆ. ಎರಡು ದಿನದಲ್ಲಿ ಆ ವಿಷಯವನ್ನೇ ಮರೆತೆ.

"ಇನ್ನು ಮರ ಕಡಿದುಬಿಡಿ ಸಾಬ್ರೇ" ಎಂದೆ. ಅವರು ತಲೆ ಅಲ್ಲಾಡಿಸಿದರು.

"ಕಡಿಯೋದಿಲ್ಲ. ಈಗ ಇದ್ರ ಎಲೆ ಇರೋದು ಆಕಾಶದಲ್ಲಿ. ಕಡಿದ್ರೆ ಬುಡದಿಂದ ಹತ್ತು ಚಿಗುರು ಬರ್ತದೆ. ಬರುವ ವರ್ಷ ನಿಮ್ಮ ಕೂಸು ಎದ್ದು ನಡೆಯುವಾಗ ಅದರ ಮುಖದ ಎತ್ತರಕ್ಕೆ ಸರಿಯಾಗಿ ನಿಂತಿರ್ತದೆ."

ನಾನು ನೋಡಿದ್ದು ಇವತ್ತಿನ ಕೊಂಬೆ. ಅವರು ನೋಡಿದ್ದು ಇನ್ನೂ ಹುಟ್ಟದ ಚಿಗುರನ್ನು, ಇನ್ನೂ ನಡೆಯದ ಮಗುವನ್ನು. "ಹಾಗಾದ್ರೆ ಏನು ಮಾಡೋದು?" ಎಂದರೆ, ಕೊಂಬೆ ಕಡಿದ ಗಾಯಕ್ಕೆ ಸಗಣಿ ಮಣ್ಣು ಮೆತ್ತಿ, ನನ್ನ ಹಗ್ಗವನ್ನು ಬಿಚ್ಚಿ ಹೂತು, ಹೊಸ ಹಗ್ಗವನ್ನು ಮನೆಯ ಮುಂದಿನ ಬಿಸಿಲಿಗೆ ಕಟ್ಟಿದರು. ಹಿತ್ತಲಿನ ಚೇರು ಮರದ ಸುತ್ತ ಮುಳ್ಳಿನ ಬೇಲಿ ಹಾಕಿದರು. ಅಷ್ಟೇ. ನಾನು ಕತ್ತಿ, ಏಣಿ, ಒಲೆ ಎಲ್ಲ ಹಿಡಿದು ಮಾಡಲಾರದ್ದನ್ನು ಅವರು ಒಂದು ಹಗ್ಗ ಸರಿಸಿ ಮಾಡಿದ್ದರು.

ಮೈಗೆ ತಾರೆ ಮರದ, ಅಂದರೆ ತ್ರಿಫಲಕ್ಕೆ ಕಾಯಿ ಕೊಡುವ ಮರದ, ತೊಗಟೆಯ ಕಷಾಯ ಆರಿಸಿ ಹಚ್ಚಬೇಕು, ಕೊಬ್ಬರಿ ಎಣ್ಣೆ ಸವರಬೇಕು, ಕೆರೆಯಬಾರದು ಎಂದು ಹೇಳಿದರು. ಜೊತೆಗೆ ಇನ್ನೊಂದು. ಈ ಕಡೆ ಚೇರು ತಾಗಿದವರು ತಾರೆ ಮರಕ್ಕೆ ಸುತ್ತು ಬರುತ್ತಾರೆ. ಚೇರು ಕೊಟ್ಟದ್ದನ್ನು ನೀನು ತೆಗೆ ಎಂದು ಅದಕ್ಕೆ ದೂರು ಹೇಳುತ್ತಾರೆ. ದಿನಾ ಬೆಳಿಗ್ಗೆ ಸಂಜೆ ನೀವೂ ಹೋಗಿ ಎಂದರು. ತಾರೆ ಮರವಿದ್ದದ್ದು ಒಂದು ಮೈಲಿ ದೂರದ ತಿರುವಿನಲ್ಲಿ. ನನ್ನ ಇಂಟರ್‌ಮೀಡಿಯೆಟ್ಟು ತಲೆಯೆತ್ತಿತು. "ಸಾಬ್ರೇ, ಮರ ದೂರು ಕೇಳ್ತದೆ ಅಂತ ನೀವು ನಂಬ್ತೀರಾ?"

ಸಾಬರು ಎಲೆಯಡಿಕೆ ಉಗುಳಿ ಬಂದು ನಿಧಾನವಾಗಿ ಹೇಳಿದರು: "ಮರ ಕೇಳ್ತದೋ ಇಲ್ವೋ ನನಗೆ ಗೊತ್ತಿಲ್ಲ. ಹೋಗಿ ಬರುವಷ್ಟು ಹೊತ್ತು ಎರಡು ಕೈನೂ ಮುಗಿದಿರ್ತದಲ್ಲ? ಕೆರೆಯೋದಕ್ಕೆ ಕೈ ಇರೋದಿಲ್ಲ."

ಹೋದೆ. ಬೆಳಿಗ್ಗೆ ಸಂಜೆ, ಕೈ ಮುಗಿದುಕೊಂಡು ಒಂದು ಮೈಲಿ, ಏಳು ಸುತ್ತು, ಮತ್ತೆ ಒಂದು ಮೈಲಿ. ಎದುರು ಬಂದ ಕೆಲಸದವರು ತಮಗೇ ಕೈ ಮುಗಿದೆನೆಂದು ಗಾಬರಿಯಾಗಿ ತಿರುಗಿ ಕೈ ಮುಗಿದರು. ಎರಡು ವರ್ಷದಲ್ಲಿ ಸಿಗದ ಸ್ನೇಹ ನನಗೆ ಆ ದಾರಿಯಲ್ಲಿ ಸಿಕ್ಕಿತು. ವಾರದೊಳಗೆ ಊತ ಇಳಿಯಿತು, ಗುಳ್ಳೆ ಒಣಗಿ ಸಿಪ್ಪೆ ಏಳತೊಡಗಿತು. ತೆಗೆದದ್ದು ತಾರೆಯೋ ಕಷಾಯವೋ ಮುಗಿದ ಕೈಯೋ ಎಂದು ನಾನು ಇವತ್ತಿಗೂ ತೀರ್ಮಾನಿಸಿಲ್ಲ.

ಬಸ್ಸು ಬರುವ ದಿನ ಬಂತು. ಮುಖದ ಸಿಪ್ಪೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಮಾವನವರ ಮುಂದೆ ಹೀಗೆ ನಿಲ್ಲುವುದೇ? ಕನಿಷ್ಠ ಅವರು ಕೊಟ್ಟ ಕೋಟಾದರೂ ಮೈಮೇಲಿರಲಿ, ನೋಡಿ ಸಂತೋಷಪಡಲಿ ಎಂದು ಗೂಟದಿಂದ ಕೋಟು ತೆಗೆದು, ಅಂಗಿಯ ಮೇಲೆ ತೊಟ್ಟು, ತಲೆ ಬಾಚಿ ರಸ್ತೆಗೆ ಹೋದೆ. ಕಳಸಕ್ಕೆ ಹೋಗಲೆಂದು ಹಸನಬ್ಬ ಸಾಬರೂ ಅದೇ ಬಸ್ಸಿಗೆ ಕಾಯುತ್ತಿದ್ದರು. ನಮಸ್ಕಾರ ಹೇಳಿದೆ. ಅವರು ಉತ್ತರ ಹೇಳುವಷ್ಟರಲ್ಲಿ ಬಸ್ಸು ಹೊಗೆ ಬಿಡುತ್ತ ತಿರುವಿನಲ್ಲಿ ಕಾಣಿಸಿತು. ನಿಂತಿತು. ಮಾವನವರು ಇಳಿದರು. ಶಾರದೆ ಇಳಿದಳು. ಅವಳ ತೋಳಲ್ಲಿ ಟೊಪ್ಪಿಗೆ ಹಾಕಿದ ಒಂದು ಪುಟ್ಟ ದುಂಡು ಮುಖ, ಎರಡು ಕಪ್ಪು ಕಣ್ಣು. ಶಾರದೆ ನಗುತ್ತ ಮಗುವನ್ನು ಮುಂದೆ ಹಿಡಿದಳು. ನಾನು ಎರಡೂ ಕೈ ಚಾಚಿದೆ.

"ರೈಟ್ರೇ!"

ಅಷ್ಟು ಜೋರಾಗಿ ಸಾಬರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಚಾಚಿದ ನನ್ನ ಕೈಯನ್ನೇ ಅವರು ನೋಡುತ್ತಿದ್ದರು. ನಾನೂ ನೋಡಿದೆ. ಕೋಟಿನ ತೋಳು ಎಲ್ಲಿ ಮುಗಿದಿತ್ತೋ, ಮಣಿಕಟ್ಟಿನ ಕೆಂಪು ಗೆರೆ ಸರಿಯಾಗಿ ಅಲ್ಲೇ ಶುರುವಾಗಿತ್ತು. ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಇರಲಿಲ್ಲ.

"ಕೋಟು ಬಿಚ್ಚಿ. ಅಂಗಿನೂ ಬಿಚ್ಚಿ. ಅಮ್ಮಾ, ಕೂಸನ್ನ ಕೊಡ್ಬೇಡಿ."

ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. ಮಾವನವರು ಕನ್ನಡಕ ಏರಿಸಿ ನೋಡುತ್ತಿದ್ದಾರೆ. ನಾನು ಮಾನ, ಮರ್ಯಾದೆ ಒಂದನ್ನೂ ಯೋಚಿಸದೆ ಕೋಟು ಬಿಚ್ಚಿ ನೆಲಕ್ಕೆ ಹಾಕಿದೆ, ಅಂಗಿ ಬಿಚ್ಚಿದೆ, ರಸ್ತೆ ಬದಿಯ ಹಳ್ಳದ ನೀರಿನಲ್ಲಿ, ಸಾಬರು ತಮ್ಮ ಗಂಟಿನಿಂದ ತೆಗೆದುಕೊಟ್ಟ ಸಾಬೂನಿನ ಚೂರಿನಿಂದ ಕೈ ಕುತ್ತಿಗೆ ಉಜ್ಜಿ ಉಜ್ಜಿ ತೊಳೆದೆ. ಕಂಡಕ್ಟರು ಕೂಗಿದರೆ ಸಾಬರು "ನಿಲ್ಸು ಮಾರಾಯ" ಎಂದರು. ಬಸ್ಸು ನಿಂತಿತು. "ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದು ನನ್ನನ್ನು ಕೇಳಿದರು. "ನಾಚಿಕೆಯಾಯ್ತು" ಎಂದೆ. ಅವರು ಬೈಯಲಿಲ್ಲ. ಕೋಲೊಂದರ ತುದಿಯಲ್ಲಿ ಕೋಟನ್ನೂ ಅಂಗಿಯನ್ನೂ ಎತ್ತಿ ದೂರದ ಬಂಡೆಯ ಮೇಲೆ ಹಾಕಿ ಬಂದು, "ಈಗ ಎತ್ಕೊಳ್ಳಿ" ಎಂದು ಹೇಳಿ ಬಸ್ಸು ಹತ್ತಿದರು.

ಹಾಗೆ, ಬಾಳೂರಿನ ರಸ್ತೆಯ ಬದಿಯಲ್ಲಿ, ಬನಿಯನ್ನಿನಲ್ಲಿ, ಒದ್ದೆ ಕೈಯಲ್ಲಿ, ಸಿಪ್ಪೆ ಏಳುವ ಮುಖದಲ್ಲಿ ನಾನು ನನ್ನ ಮಗಳನ್ನು ಮೊದಲ ಸಲ ಎತ್ತಿಕೊಂಡೆ. ಅವಳು ಅಳುತ್ತಾಳೆಂದು ಹೆದರಿದ್ದೆ. ಅಳಲಿಲ್ಲ. ಒಂದು ಗಳಿಗೆ ನನ್ನ ಮೂಗನ್ನು ಪರೀಕ್ಷೆ ಮಾಡಿದಳು. ಆಮೇಲೆ ತಲೆ ವಾಲಿಸಿ, ಕೋಟಿನ ಕಾಲರು ಇರಬೇಕಾಗಿದ್ದ ಜಾಗದಲ್ಲಿ ಕೆನ್ನೆಯಿಟ್ಟು, ಬಾಯಿ ಹಾಕಿ ಚಪ್ಪರಿಸತೊಡಗಿದಳು. ಆ ಜಾಗದಲ್ಲಿ ಏನಿರುತ್ತಿತ್ತು ಎಂದು ನೆನೆದು ಅವಳನ್ನು ಇನ್ನಷ್ಟು ಅವಚಿಕೊಂಡೆ. ಹೊರಟ ಬಸ್ಸಿನ ಕಡೆಗೆ ಕೈ ಮುಗಿಯೋಣವೆಂದರೆ ಎರಡೂ ಕೈ ತುಂಬಿದ್ದವು.

ಚೇರು ಮರ ಈಗಲೂ ಹಿತ್ತಲಲ್ಲಿ ಅದರ ಬೇಲಿಯೊಳಗೆ ಇದೆ. ಬಟ್ಟೆ ಮುಂದುಗಡೆಯ ಬಿಸಿಲಲ್ಲಿ ಒಣಗುತ್ತದೆ. ಕೋಟನ್ನು ಸಾಬರು ಹೇಳಿದ ಕ್ರಮದಲ್ಲಿ ತೊಳೆದು ತೊಳೆದು ಅದು ಈಗ ಮಗಳ ಅಳತೆಗೆ ಕುಗ್ಗಿದೆ. ಆದರೂ ಅವಳಿಗೆ ತೊಡಿಸುವ ಧೈರ್ಯ ನನಗಿಲ್ಲ. ಮಾವನವರು ಪ್ರತಿ ಕಾಗದದಲ್ಲೂ ಕೋಟಿನ ಯೋಗಕ್ಷೇಮ ವಿಚಾರಿಸುತ್ತಾರೆ. ನನಗೆ ಉಳಿದ ಪಾಠ ಇಷ್ಟೇ: ವೈದ್ಯರ ಹತ್ತಿರ ಹೋಗಲಿ, ವಕೀಲರ ಹತ್ತಿರ ಹೋಗಲಿ, ತಿಳಿದವರ ಎದುರು ಕೂತ ಕೂಡಲೆ ಬೇರೆಲ್ಲ ಆಮೇಲೆ ಎಂದು ನಾನು ಮೊದಲು ಕೋಟಿನ ವಿಷಯ ಹೇಳಿಬಿಡುತ್ತೇನೆ.